ಹಗೇವಿಗೆ ಇಪ್ಪತ್ತು ಕೊಡ ನೀರು

ತಿಪ್ಪೆಗೆ ಕಾಲಿಟ್ಟವರು ಹೆಚ್ಚೆಂದರೆ ಜಾರುತ್ತಾರೆ. ಸೊಣ್ಣಪ್ಪ ಮೇಷ್ಟ್ರು ಮೊಣಕಾಲಿನ ತನಕ ಹೂತುಕೊಂಡರು. ಅದೂ ಲೆವಿ ಇನ್ಸ್‌ಪೆಕ್ಟರ ಎದುರಿಗೆ, ಒಗೆದ ಕಚ್ಚೆಪಂಚೆಯಲ್ಲಿ, ಬಗಲಲ್ಲಿ ಸರ್ಕಾರದ ರಿಜಿಸ್ಟರು ಇಟ್ಟುಕೊಂಡು. ಎಳೆದುಕೊಂಡಾಗ ಕಾಲು ಬಂತು, ಚಪ್ಪಲಿ ಬರಲಿಲ್ಲ. ಕೈಹಾಕಿ ತಡಕಿದರೆ ಗಟ್ಟಿಯಾಗಿ ಏನೋ ತಗುಲಿತು. "ಇಲ್ಲೊಂದು ಚಪ್ಪಡಿ ಇದೆ ಸಾರ್" ಎಂದು, ಬಿದ್ದ ಅವಮಾನ ಮುಚ್ಚಿಕೊಳ್ಳುವ ಅವಸರದಲ್ಲಿ ಅವರೇ ಬಾಯಿಬಿಟ್ಟರು. ಅದು ಯಾರ ಹಿತ್ತಿಲು ಎಂಬುದು ಆಮೇಲೆ ನೆನಪಾಯಿತು.

ಹಿತ್ತಿಲು ಪಿಳ್ಳಪ್ಪನದು. ಚಪ್ಪಡಿ ಅವನ ಹಗೇವಿನ ಬಾಯಿಯದು. ನೆಲದೊಳಗೆ ಎರಡಾಳು ಆಳಕ್ಕೆ ತೋಡಿದ ಆ ಕಣಜದಲ್ಲಿ ಎಂಟು ಪಲ್ಲ ರಾಗಿ ಇತ್ತು. ಗಂಡ, ಹೆಂಡತಿ, ಮೂರು ಮಕ್ಕಳ ಒಂದು ವರ್ಷದ ಹಿಟ್ಟು. ಯುದ್ಧದ ಕಾಲ. ಮನೆಮನೆಯ ರಾಗಿ ಅಳೆದು ಸರ್ಕಾರ ಲೆವಿ ಅಂತ ತನ್ನ ಪಾಲು ಒಯ್ಯುತ್ತಿತ್ತು. ಅದರ ಲೆಕ್ಕ ಬರೆಯುವುದು ಊರ ಮೇಷ್ಟ್ರ ತಲೆಗೆ ಬಂದಿತ್ತು. ಬಚ್ಚಿಟ್ಟದ್ದು ಸಿಕ್ಕಿದರೆ ಪೂರ್ತಿ ಜಪ್ತಿ, ಮೇಲೊಂದು ಕೇಸು.

ಚನ್ನರಾಯಪಟ್ಟಣ ಹೋಬಳಿಯಲ್ಲಿ ಪಿಳ್ಳಪ್ಪನ ಜೊತೆ ವಾದಕ್ಕಿಳಿದು ಗೆದ್ದವರಿರಲಿಲ್ಲ. ಮೇಷ್ಟ್ರು ಅವನ ಪಕ್ಕದಲ್ಲೇ ಕೂತು ಮರಳಿನ ಮೇಲೆ ಅಕ್ಷರ ತಿದ್ದಿದವರು, ಅಂದಿನಿಂದ ಸೋಲುತ್ತಲೇ ಬಂದವರು. ತಡವಾಗಿ ಬಂದನೆಂದು ಪಾಠ ಹೇಳುವ ಐಗಳು ಬೆತ್ತ ಎತ್ತಿದರೆ, "ನಾನು ಬರೋ ಮುಂಚೆ ಶುರು ಮಾಡಿದೋರು ನೀವು, ಏಟು ನಂಗಾ?" ಎಂದಿದ್ದ ಹುಡುಗ ಅವನು. ದೊಡ್ಡವನಾದ ಮೇಲೆ, ಆಡು ಹೊಲ ಮೇಯ್ದ ಪಂಚಾಯ್ತಿಯಲ್ಲಿ ಬೆಳಿಗ್ಗೆ ಆಡಿನವನ ಪರ ವಾದಿಸಿ ಗೆದ್ದ. ಉಂಡು ಬಂದವನು, ಹೊಲದವನ ಮುಖ ನೋಡಲಾರದೆ ಅವನ ಪರವೂ ವಾದಿಸಿ ಬೆಳಗಿನ ಪಿಳ್ಳಪ್ಪನನ್ನೇ ಸೋಲಿಸಿದ. ಹೆಂಡತಿ ಮುನಿವೆಂಕಟಮ್ಮ ಮದುವೆಯಾದ ಎರಡನೇ ವರ್ಷಕ್ಕೇ ವಾದ ಬಿಟ್ಟು "ಹೂಂ" ಹಿಡಿದಿದ್ದಳು.

"ಹಗೇವೇನಯ್ಯಾ ಇದು?" ಎಂದರು ಇನ್ಸ್‌ಪೆಕ್ಟರು.

"ಹೆಸರಿಗೆ ಹಗೇವು ಬುದ್ಧಿ. ಎರಡು ವರ್ಷದಿಂದ ತಳದಲ್ಲಿ ನೀರು ಊರ್ತಾ ಐತೆ. ಇದರೊಳಗೆ ರಾಗಿ ಹಾಕೋದೂ ಒಂದೇ, ಕೆರೆಗೆ ಸುರಿಯೋದೂ ಒಂದೇ."

"ಮತ್ತೆ ಮೇಲೆ ತಿಪ್ಪೆ ಯಾಕೆ ಹಾಕ್ದೆ?"

"ದನ ಗಿನ ಬೀಳ್ದಿರ್ಲಿ ಅಂತ. ಮೇಷ್ಟ್ರು ಬೀಳ್ತಾರೆ ಅಂತ ಅಂದ್ಕಂಡಿರ್ಲಿಲ್ಲ."

ಇನ್ಸ್‌ಪೆಕ್ಟರ ಜೊತೆ ಬಂದಿದ್ದ ಜವಾನ ನಕ್ಕ. ಗೊಬ್ಬರ ಮೆತ್ತಿದ ಕಾಲಿನಲ್ಲಿ ನಿಂತು ಮೇಷ್ಟ್ರೂ ನಕ್ಕರು.

ಚಪ್ಪಡಿ ಸರಿಸಿ ಲಾಟೀನು ಇಳಿಸಿದರು. ಸ್ವಲ್ಪ ಕೆಳಗೆ ಹೋಗುತ್ತಲೇ ಆರಿತು. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ದೀಪ ಆರಿದಲ್ಲಿಗೆ ಮನುಷ್ಯ ಇಳಿಯುವಂತಿಲ್ಲ. ಗಾಳಿಯಾಡಲಿ ಎಂದು ಕಾಯಲು ಇನ್ಸ್‌ಪೆಕ್ಟರಿಗೆ ಪುರುಸೊತ್ತಿರಲಿಲ್ಲ, ಇನ್ನೂ ಮೂರು ಹಳ್ಳಿ ಬಾಕಿ. ಹಾಗಂತ ಅವರು ದಡ್ಡರೂ ಅಲ್ಲ.

"ಒಳಗೆ ನೀರಿದೆ ಅಂತೀಯ. ಇನ್ನಿಪ್ಪತ್ತು ಕೊಡ ಹುಯ್ದ್ರೆ ನಿಂಗೇನೂ ನಷ್ಟ ಇಲ್ಲ. ಹುಯ್ಯಿ ನೋಡಣ."

ಮುನಿವೆಂಕಟಮ್ಮ ಬಾವಿಯಿಂದ ಕೊಡ ತಂದಳು. ಗಂಡನ ಕೈಗೆ ಕೊಡುವಾಗ ಒಂದು ಗಳಿಗೆ ಹಿಡಿತ ಬಿಡಲಿಲ್ಲ. ಅವನು ಮೆಲ್ಲಗೆ ಎಳೆದುಕೊಂಡ. ಒಂದು, ಎರಡು, ಮೂರು ಕೊಡವಾಯಿತು. ಇನ್ಸ್‌ಪೆಕ್ಟರು ಕಿವಿಗೊಟ್ಟರು. ನೀರಿಗೆ ನೀರು ಬಿದ್ದ ಸದ್ದೇ ಇಲ್ಲ.

"ನೋಡಯ್ಯಾ," ಅವರು ದನಿ ತಗ್ಗಿಸಿದರು, "ಮಕ್ಕಳು ಮರಿ ಇರೋನು. ಈಗ್ಲೂ ನಿಜ ಹೇಳು. ಲೆವಿ ಪಾಲು ಮಾತ್ರ ಒಯ್ತೀನಿ, ಉಳಿದಿದ್ದು ನಿಂದೇ. ಕೇಸೂ ಇಲ್ಲ."

ಪಿಳ್ಳಪ್ಪ ಬಾಯಿ ತೆರೆದ. ಇವನೊಂದು ಸಲ ಸೋಲಲಿ ಎಂದು ಮೇಷ್ಟ್ರು ಮೂವತ್ತು ವರ್ಷ ತಮಗಾಗಿ ಬೇಡಿಕೊಂಡಿದ್ದರು. ಇವತ್ತು ಅವನಿಗಾಗಿ ಬೇಡಿಕೊಂಡರು.

"ಕೆಸರು ಬುದ್ಧಿ. ಕೆಸರಿನ ಮೇಲೆ ನೀರು ಬಿದ್ರೆ ಸದ್ದೆಲ್ಲಿ ಬರ್ತದೆ?"

ಇನ್ಸ್‌ಪೆಕ್ಟರು ಅವನನ್ನೇ ನೋಡಿದರು. "ಸರಿ. ಇನ್ನು ಹದಿನೇಳು" ಎಂದರು.

ಹದಿನೇಳೂ ಹುಯ್ದ. 'ಹಗೇವು ಹಾಳು, ಧಾನ್ಯವಿಲ್ಲ' ಎಂದು ಮೇಷ್ಟ್ರು ರಿಜಿಸ್ಟರಿನಲ್ಲಿ ಬರೆದರು. ಅವರ ಅಕ್ಷರ ಯಾವಾಗಲೂ ದುಂಡಗೆ. ಅವತ್ತೂ ದುಂಡಗೇ ಬಂತು.

ಊರಿನ ಲೆವಿ ಗಾಡಿಗೇರುವ ತನಕ ಜವಾನ ಎದುರು ಜಗಲಿಯಲ್ಲೇ ಎಂಟು ದಿನ ಬೀಡುಬಿಟ್ಟ. ಅವನು ಹೋದ ಮೇಲೆ ತೆಗೆದರೆ ರಾಗಿ ಮೊಳೆತು, ಕಪ್ಪಾಗಿ, ಹೆಂಡದ ಹಾಗೆ ನಾರುತ್ತಿತ್ತು. ದನವೂ ಮೂಸಲಿಲ್ಲ. ತಳದಲ್ಲಿದ್ದದ್ದು ಕೆಸರೇ; ಪಿಳ್ಳಪ್ಪನ ವಾದ ಅಲ್ಲೂ ನಿಂತಿತ್ತು.

ಮುನಿವೆಂಕಟಮ್ಮ ಮೂರೂ ಮಕ್ಕಳನ್ನು ಕರೆದುಕೊಂಡು ರಾಜಘಟ್ಟದ ತವರಿಗೆ ನಡೆದಳು. ಹೊರಡುವಾಗ "ಹೂಂ" ಕೂಡ ಅನ್ನಲಿಲ್ಲ.

ಮರುದಿನ ಮೇಷ್ಟ್ರು ಎರಡು ಸೇರು ಹಿಟ್ಟು ಕಟ್ಟಿಕೊಂಡು ಹೋದರು. ಜಗಲಿಯ ಮೇಲೆ ಅವರ ಚಪ್ಪಲಿ ಇತ್ತು, ತೊಳೆದು, ಒಣಗಿಸಿ, ಎಣ್ಣೆ ಸವರಿ. ಪಿಳ್ಳಪ್ಪ ಪಕ್ಕದಲ್ಲಿ ಕೂತಿದ್ದ. ಹಿಟ್ಟಿನ ಗಂಟು ತೆಗೆದುಕೊಂಡು ಪಕ್ಕಕ್ಕಿಟ್ಟ. ಅವನು ಬೇಡ ಎಂದು ವಾದಿಸಿದ್ದರೆ ಮೇಷ್ಟ್ರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಲೇ ಪಿಳ್ಳ," ಎಂದರು ಕೊನೆಗೆ, "ಉಳಿದಿದ್ದು ಬಿಡ್ತೀನಿ ಅಂದ್ರಲ್ಲೋ ಆ ಪುಣ್ಯಾತ್ಮ. ಐತೆ ಅಂತ ಒಂದು ಮಾತು ಹೇಳೋಕೆ ಏನಾಗಿತ್ತೋ ನಿಂಗೆ?"

ಪಿಳ್ಳಪ್ಪ ಚಪ್ಪಲಿಯನ್ನು ಅವರ ಕಾಲಬಳಿಗೆ ಸರಿಸಿದ.

"ಹೇಳೋಣ ಅಂತ್ಲೇ ಬಾಯಿ ತೆಗ್ದೆ ಕಣ್ಲಾ. ಕೆಸರು ಮೊದ್ಲು ಬಂತು."