ಬೆನ್ನಿಗೆ ಬಣ್ಣವಿಲ್ಲದ ಗಿಟಾರು

ಈ ಗಿಟಾರಿಗೆ ಒಂದೂವರೆ ಸಾವಿರ ರೂಪಾಯಿ ಬಿತ್ತು. ಕಿವಿಯ ಮೇಲೆ ಮೋಟು ಪೆನ್ಸಿಲ್ಲು, ಹುಬ್ಬಿನ ತುಂಬ ಮರದ ಹೊಟ್ಟು, ಮಾತಾಡುವಾಗಲೂ ಉಳಿಯಿಂದ ಕಣ್ಣು ತೆಗೆಯದ ಸೊರಬದ ಆಚಾರ್ರು ಕೇಳಿದ್ದು ಎರಡು ಸಾವಿರ. ಐನೂರು ಇಳಿಸಿದವನು ನಾನು. ಆ ಐನೂರಿನ ಸಿಟ್ಟು ಅವರ ಮೇಲೆ ನನಗೆ ಇವತ್ತಿಗೂ ಇದೆ.

ತೊಂಬತ್ತರ ದಶಕದ ಮಾತು. ಶಿಕಾರಿಪುರದಲ್ಲಿ ಮದುವೆ ಮನೆಗಳಿಗೆ ಆರ್ಕೆಸ್ಟ್ರಾ ನಡೆಸುತ್ತಿದ್ದೆ. ಗಿಟಾರು ಬಾರಿಸುವವನೂ ನಾನೇ. ಒಮ್ಮೆ ಜೀಪಿನಿಂದ ಬಿದ್ದು ನನ್ನ ಎಲೆಕ್ಟ್ರಿಕ್ ಗಿಟಾರಿನ ಒಡಲು ಹೋಳಾಯಿತು. ಕತ್ತು, ತಂತಿ, ವೈರಿನ ಸಾಮಾನು ಮಾತ್ರ ಉಳಿದವು. ಬೆಂಗಳೂರಿನ ಹೊಸದಕ್ಕೆ ಮೂರು ಪಟ್ಟು ಕೊಡಬೇಕು. ಅದಕ್ಕೇ ದೇವರ ಮಂಟಪ ಕೆತ್ತುವ ಈ ಆಚಾರ್ರ ಹತ್ತಿರ ಹಲಸಿನ ಮರದಲ್ಲಿ ಹೊಸ ಒಡಲು ಮಾಡಿಸಲು ಹೋದೆ, ನನಗೆ ಬೇಕಾದ ಹಾಗೆ: ನಡುವೆ ಕೆಂಡದ ಕೆಂಪು, ಅಂಚಿಗೆ ಹೋಗುತ್ತ ಅರಿಶಿನ, ಸುತ್ತ ಬಳ್ಳಿಯ ಕೆತ್ತನೆ, ದನಿ ಏರಿಸಿ ಇಳಿಸುವ ತಿರುಪು ಮೂರರ ಬದಲು ನಾಲ್ಕು.

"ನಾಲ್ಕನೇದು ಎಂತಕ್ಕೆ?" ಅಂದರು.

"ಗತ್ತಿಗೆ ರೀ."

"ತಿರುಗಿಸಿದ್ರೆ ಎಂತ ಆಗ್ತದೆ?"

"ಏನೂ ಆಗಲ್ಲ."

"ನಿಮ್ಮ ಊರಲ್ಲಿ ಅಂಥ ಜನಾನೂ ಸುಮಾರು ಇದಾರೆ ಬಿಡಿ."

ಗಿರಾಕಿಗೆ ಕೂರಿ ಅನ್ನುವ ಮನುಷ್ಯರಲ್ಲ ಅವರು. "ಕೂತ್ರೆ ಮಾತು ಬೆಳೀತದೆ" ಅನ್ನುತ್ತಿದ್ದರು. ನಿಂತೇ ಚೌಕಾಸಿ ಮಾಡಿದೆ. ಒಂದೂವರೆ ಅಂದಾಗ ಹಲಗೆಯ ಮೇಲೆ ಒಮ್ಮೆ ಕೈಯಾಡಿಸಿ "ಆಗ್ಲಿ" ಅಂದುಬಿಟ್ಟರು. ಎಲ್ಲಿ ಮಾತು ಬದಲಿಸುತ್ತಾರೋ ಎಂದು ನಾನೇ ಗಂಟು ಹಾಕಿದೆ: "ಮಾತು ಮುಗಿದ ಮೇಲೆ ಮಾತಿಲ್ಲ, ಆಚಾರ್ರೇ."

ಅಡಿಕೆ ಮಂಡಿ ಸಾಹುಕಾರರೊಬ್ಬರ ಮಗಳ ಮದುವೆ ಎದುರಿಗಿತ್ತು. ಅವರ ಬಂಧುಬಳಗದಲ್ಲಿ ಆ ವರ್ಷ ಇನ್ನೂ ಐದು ಮದುವೆ. ಇದೊಂದನ್ನು ಗೆದ್ದರೆ ಐದೂ ನನಗೆ.

ಮದುವೆಯ ಹಿಂದಿನ ದಿನ ಗಿಟಾರು ತರಲು ಹೋದೆ. ಬೆಂಚಿನ ಮೇಲೆ ಅಂಗಾತ ಮಲಗಿತ್ತು. ಆ ಕೆಂಪಿಗೆ ಸೋತುಹೋದೆ. ತಿರುಪು ಎಣಿಸಿದೆ, ನಾಲ್ಕು.

"ಒಂದ್ಸಲ ತಿರುಗಿಸಿ ನೋಡಿ" ಅಂದರು.

"ಬಸ್ಸು ಹೋಗ್ತೈತ್ರೀ, ಗೋಣಿಗೆ ಹಾಕಿ."

ಮನೆಯಲ್ಲಿ ಗೋಣಿ ಬಿಚ್ಚಿದಾಗ ಬೆನ್ನು ಬರೀ ಮರ. ಬಣ್ಣವಿಲ್ಲ, ಪಾಲಿಶ್ ಇಲ್ಲ, ಪೆನ್ಸಿಲ್ ಗೀಟು ಕೂಡ ಹಾಗೇ ಇತ್ತು.

ಕೊನೆಯ ಹಾಡಿಗೆ ಗಿಟಾರನ್ನು ತಲೆಯ ಮೇಲೆತ್ತಿ ತಿರುಗಿಸುವುದು ನನ್ನ ವಾಡಿಕೆ. ಈ ಸಲ ಬೇಡ ಎಂದು ಬೆಳಗಿನಿಂದ ಹೇಳಿಕೊಂಡಿದ್ದೆ. ಹಾಡಿನ ಬಿಸಿಯಲ್ಲಿ ಕೈ ಕೇಳಲಿಲ್ಲ, ಎತ್ತಿತು. ಮುಂದಿನ ಸಾಲಿನಿಂದ ಯಾರೋ ಅಂದರು, "ಹಿಂದ್ಗಡಿಗೆ ಬಣ್ಣ ಸಾಲ್ಲಿಲ್ಲೇನ್ರೀ?" ಚಪ್ಪರವೆಲ್ಲ ನಕ್ಕಿತು. ಸಾಹುಕಾರರೂ ನಕ್ಕರು. ಐದು ಮದುವೆಯೂ ದಾವಣಗೆರೆಯ ತಂಡಕ್ಕೆ ಹೋದವು.

ಮರುದಿನವೇ ಸೊರಬಕ್ಕೆ ಹೋಗಿ ಜಗಳ ತೆಗೆದೆ. ಅವರು ಉಳಿ ನಿಲ್ಲಿಸಲಿಲ್ಲ.

"ಎರಡು ಸಾವಿರಕ್ಕೆ ಎರಡು ಮಗ್ಗುಲು. ನೀವು ಇಳಿಸಿದ ಐನೂರು ಅಲ್ಲಿದೆ. ತಿರುಗಿಸಿ ನೋಡಿ ಅಂದೆನಲ್ಲ."

"ಬಾಕಿ ಐನೂರು ತಗೊಳ್ರಿ, ಬಳಿದುಕೊಡ್ರಿ."

"ಮಾತು ಮುಗಿದ ಮೇಲೆ ಮಾತಿಲ್ಲ ಅಂದವ್ರು ನೀವೇ ಅಲ್ದಾ?"

ಆರು ನೂರು ಅಂದೆ. ಆಗ ಮೊದಲ ಸಲ ತಲೆಯೆತ್ತಿ ನನ್ನ ಮುಖ ನೋಡಿದರು. "ಏರಿಸಕ್ಕೂ ಬರ್ತದಾ ನಿಮಗೆ?"

ಕೆಲವು ವರ್ಷಗಳ ನಂತರ ಸೊರಬದ ಬಸ್‌ಸ್ಟ್ಯಾಂಡಿನಲ್ಲಿ, ಆಚಾರ್ರು ತೀರಿಕೊಂಡರು ಎಂಬ ಸುದ್ದಿ ಕಿವಿಗೆ ಬಿತ್ತು. ಅಳು ಬರಲಿಲ್ಲ. ಇನ್ನು ಬೆನ್ನಿಗೆ ಬಣ್ಣ ಬಳಿಯಲು ಅವರನ್ನು ಒಪ್ಪಿಸುವ ದಾರಿಯೇ ಇಲ್ಲವಲ್ಲ ಎಂದು ಸಿಟ್ಟು ಬಂತು. ಬೇರೆ ಯಾರ ಕೈಲಾದರೂ ಬಳಿಸಬಹುದಿತ್ತು. ಸೋತಂತಾಗುತ್ತದೆ ಎಂದು ಬಿಟ್ಟೆ. ಗಿಟಾರಿನ ಮುಂಬದಿಯ ಬಣ್ಣ ಈಗ ಚಕ್ಕೆಯೆದ್ದು ಹೋಗಿದೆ. ಹಿಂದಿನ ಮರ ನನ್ನ ಅಂಗಿಗೆ ಉಜ್ಜಿ ಉಜ್ಜಿ ಮಿರುಗುತ್ತಿದೆ. ಅದಕ್ಕೂ ಅವರಿಗೆ ಶಹಬ್ಬಾಸ್ ಅನ್ನಲಾರೆ.

ನೀವು ಏನಾದರೂ ಮಾಡಿಸುವವರಿದ್ದರೆ ಕೇಳಿ. ಬೆಲೆ ಇಳಿಸಿ, ತಪ್ಪಿಲ್ಲ. ಆದರೆ ಎದುರಿನವರು ಬೇಗ ಒಪ್ಪಿಕೊಂಡರೆ ಹಿಗ್ಗಬೇಡಿ. ಯಾವುದನ್ನು ಬಿಡುತ್ತೀರಿ ಎಂದು ಅಲ್ಲೇ ಕೇಳಿ. ಕೊನೆಗೆ ಅವರಾಗಿಯೇ ತಿರುಗಿಸಿ ನೋಡಿ ಅಂದರೆ, ಬಸ್ಸು ಹೋದರೆ ಹೋಗಲಿ, ತಿರುಗಿಸಿ ನೋಡಿ.