ವೆತೂರಿಯಾ ಮತ್ತು ನಾಲ್ಕು ತಿರುಪುಮೊಳೆ

"ಅಮ್ಮಾ, ವೆತೂರಿಯಾ ಅಜ್ಜಿಗೆ ಆ ಹಲಗೆ ಅಂದ್ರೆ ಅಷ್ಟೊಂದು ಇಷ್ಟಾನಾ? ತೊಡೆ ಮೇಲೆ ಕೂರಿಸ್ಕೊಂಡು ಅದ್ರ ಹತ್ರ ದುಂ ದುಂ ಅಂತ ಮಾತಾಡ್ತಾಳೆ."

ಇಲಿಂಕಾ ಹೀಗೆ ಕೇಳಿದಾಗ ಒಂದು ಕಾಲಿಗೆ ಮಾತ್ರ ಬೂಟು ಹಾಕಿಕೊಂಡಿದ್ದಳು. ಇನ್ನೊಂದು ಬೂಟು ಎಲ್ಲಿದೆಯೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ, ಶಿಶುವಿಹಾರಕ್ಕೆ ಹೊತ್ತಾಗುತ್ತಿತ್ತು.

"ಅದು ಹಲಗೆ ಅಲ್ಲ ಪುಟ್ಟಿ, ಬಾಸ್ ಗಿಟಾರು. ಇನ್ನೂ ಹುಟ್ಟಿಲ್ಲ, ಅಷ್ಟೆ. ಒಡಲು ಬಂದಿದೆ, ಕುತ್ತಿಗೆ ಅಂಚೆಯಲ್ಲಿ ಬರ್ತಾ ಇದೆ."

ಅವಳು ಬೂಟಿಲ್ಲದ ಕಾಲನ್ನು ಆಡಿಸುತ್ತ, "ನಾನೂ ಹಂಗೇ ಬಂದ್ನಾ?" ಎಂದಳು.

ವೆತೂರಿಯಾ ನಮ್ಮ ಮೇಲಿನ ಮನೆಯವಳು, ನಾಲ್ಕನೇ ಮಹಡಿ. ಅರವತ್ತೆರಡು ವರ್ಷ. ಹದಿನೇಳಕ್ಕೆ ಗುರ್ಗಿಯು ಕಣಿವೆಯ ಹಳ್ಳಿಯಿಂದ ನಮ್ಮೂರು ರೆಗಿನ್‌ಗೆ ಇಳಿದು ಬಂದು ಪಿಟೀಲು ಕಾರ್ಖಾನೆಯ ವಾರ್ನಿಷ್ ಕೋಣೆ ಸೇರಿದಳು. ಮೂವತ್ತೊಂಬತ್ತು ವರ್ಷದ ನಂತರ ಅದೇ ಕೋಣೆಯಿಂದ ನಿವೃತ್ತಳಾದಳು. ನಮ್ಮೂರಿನಲ್ಲಿ ಇದೇನೂ ದೊಡ್ಡ ಸಂಗತಿಯಲ್ಲ. ಯಾರ ಬಾಗಿಲು ತಟ್ಟಿದರೂ ಪಿಟೀಲಿನ ತಲೆ ಕೆತ್ತಿದವರೋ ಹೊಟ್ಟೆ ಉಜ್ಜಿದವರೋ ಒಬ್ಬರಾದರೂ ಸಿಗುತ್ತಾರೆ. ಆದರೆ ವಾರ್ನಿಷ್ ಕೋಣೆಗೆ ಪಿಟೀಲು ತಂತಿಯಿಲ್ಲದೆ ಬರುತ್ತಿತ್ತು, ತಂತಿಯಿಲ್ಲದೆ ಹೋಗುತ್ತಿತ್ತು.

"ಮೂವತ್ತೊಂಬತ್ತು ವರ್ಷ ಮೂಗರಿಗೆ ಸ್ನಾನ ಮಾಡ್ಸಿದೀನಿ ಕಣೇ," ಎಂದು ಅವಳೇ ನಗುತ್ತಾಳೆ. "ಒಂದಾದ್ರೂ ಹೋಗ್ತಾ ಹೋಗ್ತಾ ಕುಂಯ್ ಅನ್ಬೇಕಲ್ಲ!"

ನಿವೃತ್ತಿಯಾದ ಮೇಲೆ ನುಡಿಸಲು ಕಲಿಯುತ್ತೇನೆಂದಾಗ ಎಲ್ಲರೂ ಪಿಟೀಲೆಂದೇ ತಿಳಿದರು. ಅವಳು ಆರಿಸಿಕೊಂಡದ್ದು ಬಾಸ್, ತಗ್ಗುದನಿಯ ತಂತಿವಾದ್ಯ. ಅವಳ ದನಿಯೇ ನೆಲಮಾಳಿಗೆಯಿಂದ ಬಂದಂತಿದೆ. ಫೋನಿನಲ್ಲಿ ಅಪರಿಚಿತರು 'ಸಾರ್' ಎನ್ನುತ್ತಾರೆ. ಮದುವೆಗಳಲ್ಲಿ ಎಲ್ಲರೂ ಪಿಟೀಲಿನವನ ಮುಂದೆ ಕುಣಿದರೆ ಇವಳು ಮೂಲೆಯಲ್ಲಿ ಬಾಸ್ ನುಡಿಸುವ ಮುದುಕ ಪಿಶ್ಟಾನ ಪಕ್ಕದಲ್ಲೇ ಕುಣಿಯುತ್ತಿದ್ದಳು. "ಪಿಟೀಲು ಊರಿಗೆಲ್ಲಾ ಕೇಳ್ಲಿ ಅಂತ ಕೂಗುತ್ತೆ. ಬಾಸು ಹೊಟ್ಟೆಗೆ ಮಾತ್ರ ಹೇಳುತ್ತೆ" ಎನ್ನುವುದು ಅವಳ ವಾದ. ಪಿಶ್ಟಾ ಮೂರು ಚಳಿಗಾಲ ತನ್ನ ಆಳೆತ್ತರದ ಬಾಸಿನ ಮೇಲೆ ಅವಳಿಗೆ ಪಾಠ ಹೇಳಿದ. ಕಳೆದ ಶರತ್ಕಾಲದಲ್ಲಿ ಬಾಸನ್ನು ಕಾರಿನ ತಲೆಯ ಮೇಲೆ ಕಂಬಳಿ ಹೊದಿಸಿ ಮಲಗಿಸಿಕೊಂಡು ಇಟಲಿಯ ಮಗಳ ಮನೆಗೆ ಹೊರಟುಹೋದ.

ಹಾಗೆ ಮದುವೆಗಳಲ್ಲಿ ನುಡಿಸುವ ಬರಬಾಶನ ಮೇಳದಲ್ಲಿ ಒಂದು ಕುರ್ಚಿ ಖಾಲಿಯಾಯಿತು. ಬರಬಾಶ್ ಅಕಾರ್ಡಿಯನ್ ನುಡಿಸುತ್ತಾನೆ. ಅವನೂ ಕಾರ್ಖಾನೆಯವನೇ, ಮೀಸೆಗೆ ಇನ್ನೂ ಕಪ್ಪು ಹಚ್ಚುತ್ತಾನೆ. ಈಸ್ಟರಿನ ಮೊದಲಿನ ಉಪವಾಸ ಶುರುವಾಗುವ ಹಿಂದಿನ ದಿನ ಅವನು ನಮ್ಮ ಮೆಟ್ಟಿಲ ಮೇಲೆಯೇ ನಿಂತು ತೀರ್ಪು ಕೊಟ್ಟ.

"ನೋಡು ವೆತೂರಿಯಾ, ಇನ್ನು ಏಳು ವಾರ ನಿಮ್ಮ ಚರ್ಚಿನೋರಿಗೆ ಉಪವಾಸ, ಮದ್ವೆ ಇಲ್ಲ. ಈಸ್ಟರ್ ಆದ ಎರಡನೇ ಶನಿವಾರ ಬೇಕರಿಯವರ ಮಗಳ ಮದ್ವೆ. ಅಷ್ಟರೊಳಗೆ ಬಾಸ್ ಹಿಡ್ಕೊಂಡು ಬಂದ್ರೆ ಕುರ್ಚಿ ನಿಂದು. ಇಲ್ದಿದ್ರೆ ಆ ಕೀಬೋರ್ಡ್ ಪೆಟ್ಟಿಗೆ ತಂದ್ಬಿಡ್ತೀನಿ. ಒಂದು ಗುಂಡಿ ಒತ್ತಿದ್ರೆ ಬಾಸು ತಾನೇ ಬರುತ್ತೆ. ಅದು ಊಟ ಕೇಳಲ್ಲ, ಸೊಂಟ ನೋವು ಅನ್ನಲ್ಲ."

"ನೀನು ತಾಳ ತಪ್ಪಿದಾಗ ಮುಚ್ಚಿ ಹಾಕೋದೂ ಇಲ್ಲ," ಎಂದಳು ವೆತೂರಿಯಾ.

ಲಿಫ್ಟಿಲ್ಲದ ನಾಲ್ಕು ಮಹಡಿ ಹತ್ತಿಸಲು ಆಳೆತ್ತರದ ಬಾಸು ಆಗದು, ಗಿಟಾರಿನಂಥದ್ದೇ ಆಗಬೇಕು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತಿತ್ತು. ಅವಳು ಹೋಗಿ ಮೂಸಿ ನೋಡಿ, "ಇದಕ್ಕೆ ಬಣ್ಣ ಹಚ್ಚಿದೀರೋ, ಪ್ಲಾಸ್ಟಿಕ್ ಸುತ್ತಿದೀರೋ?" ಎಂದು ಕೇಳಿ ಅಂಗಡಿಯವನ ಮುಖ ಕೆಂಪಾಗಿಸಿ ಬಂದಳು. ಕೊನೆಗೆ ಬಿಡಿಭಾಗ ತರಿಸಿ ತಾನೇ ಜೋಡಿಸುತ್ತೇನೆಂದಳು. ನನ್ನ ಫೋನು ಆ ವಾರ ಅವಳದಾಯಿತು. ಬೆತ್ತಲೆ ಮರದ ಒಡಲು ಪೋಲೆಂಡಿನಿಂದ ಬಂತು. ಮೇಪಲ್ ಮರದ ಕುತ್ತಿಗೆಯನ್ನು ದೊಡ್ಡ ನಗರ ಕ್ಲೂಜ್‌ನಲ್ಲಿ ಮೇಳ ಬಿಟ್ಟು ದಂತವೈದ್ಯನಾದವನೊಬ್ಬ ಮಾರಿದ. ಬಿರಡೆಗಳು ಸಂಸ್ಕೃತಿ ಭವನದ ಮುರುಕು ಗಿಟಾರಿನವು. ತಂತಿಗಳನ್ನು ಹೊತ್ತು ನಿಲ್ಲುವ ಕಬ್ಬಿಣದ ಕುದುರೆ ಎಲ್ಲಿಂದ ಬಂತೋ, ಪೊಟ್ಟಣದ ಮೇಲಿನ ಲಿಪಿ ನಮಗಾರಿಗೂ ಓದಲಾಗಲಿಲ್ಲ. ತಂತಿಯ ಕಂಪನ ಹಿಡಿದು ಆಂಪ್ಲಿಫಯರಿಗೆ, ಅಂದರೆ ನಮ್ಮ ಮಾತಿನಲ್ಲಿ ಸದ್ದಿನ ಡಬ್ಬಕ್ಕೆ, ಕಳಿಸುವ ಅಯಸ್ಕಾಂತದ ತುಂಡು ಒಂದಿತ್ತು. ಅದಕ್ಕೆ ಅವಳು 'ಕಿವಿ' ಎಂದು ಹೆಸರಿಟ್ಟಳು. ಹೊಸದೊಂದು ಬಂದಾಗಲೆಲ್ಲ ಮೇಲಿನಿಂದ ನನ್ನ ಅಡುಗೆಮನೆಗೆ ಇಳಿಯುವ ಬಿಸಿನೀರಿನ ಕೊಳವೆಯನ್ನು ಚಮಚದಿಂದ ಟಣಟಣ ಬಡಿಯುವಳು. ನಾನು ಸೌಟು ಹಿಡಿದೇ ಮೇಲೆ ಓಡುವೆ.

ಬಣ್ಣದ ಕೆಲಸ ಶುರುವಾದ ಮೇಲಂತೂ ಅವಳನ್ನು ನೋಡುವುದೇ ಒಂದು ಹಬ್ಬ. ಕೈಗೆ ಮೂವತ್ತೊಂಬತ್ತು ವರ್ಷದ ಅಭ್ಯಾಸ. ಬ್ರಷ್ಷು ಬೆಣ್ಣೆಯ ಮೇಲೆ ಓಡಿದಂತೆ ಓಡುತ್ತಿತ್ತು. ಹನ್ನೊಂದು ಪದರ ಹಚ್ಚಿದಳು. ಕೊನೆಗೆ ಒಡಲು ಪ್ಲಮ್ ಜಾಮಿನ ಬಣ್ಣಕ್ಕೆ ತಿರುಗಿ, ಕಿಟಕಿಯ ಬಳಿ ಹಿಡಿದರೆ ಒಳಗಿನಿಂದ ಕೆಂಪು ಮಿನುಗುತ್ತಿತ್ತು.

ಎಡವಟ್ಟಾದದ್ದು ಆಮೇಲೆ. ಇಂಥ ಗಿಟಾರಿನ ಕುತ್ತಿಗೆಯನ್ನು ಒಡಲಿನ ಗೂಡಿನಲ್ಲಿ ಕೂರಿಸಿ ಹಿಂದಿನಿಂದ ನಾಲ್ಕು ತಿರುಪುಮೊಳೆ ಬಿಗಿಯಬೇಕು. ತೂತುಗಳು ಮೊದಲೇ ಕೊರೆದೇ ಬಂದಿದ್ದವು. ಅವನ್ನು ಕಂಡದ್ದೇ ವೆತೂರಿಯಾಳ ಹುಬ್ಬು ಮೇಲೇರಿತು.

"ಮರಕ್ಕೆ ಸ್ಕ್ರೂ ಹಾಕೋದು ಶವಪೆಟ್ಟಿಗೆಗೆ ಮಾತ್ರ ಕಣೇ. ವಾದ್ಯಕ್ಕೆ ಅಂಟು."

ನಮ್ಮೂರಿನ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು. ನನಗೂ ತಪ್ಪೆನಿಸಲಿಲ್ಲ. ಅವಳು ತೂತುಗಳಿಗೆಲ್ಲ ಮೇಪಲ್ ಬೆಣೆ ಬಡಿದು ಮುಚ್ಚಿದಳು. ಪಿಟೀಲಿನ ಕುತ್ತಿಗೆ ಹಿಂದಕ್ಕೆ ವಾಲಿರುತ್ತದಲ್ಲ, ಇದಕ್ಕೂ ಹಾಗೇ ಇರಲೆಂದು ಬುಡದಲ್ಲಿ ತೆಳ್ಳನೆ ಚಕ್ಕೆಯೊಂದನ್ನು ಇಟ್ಟಳು. ಬಳಿಕ ತಪಲೆಯಲ್ಲಿ ಚರ್ಮ-ಮೂಳೆಗಳ ಅಂಟನ್ನು ಕಾಯಿಸಲು ಕೂತಳು.

ಉಪವಾಸದ ನಾಲ್ಕನೇ ಶುಕ್ರವಾರ. ಇಡೀ ಕಟ್ಟಡ ಮಾಂಸ ಬಿಟ್ಟು ಹುರುಳಿಕಾಯಿ, ಆಲೂಗಡ್ಡೆ ತಿಂದು ಮುಖ ಸಣ್ಣ ಮಾಡಿಕೊಂಡಿತ್ತು. ಮೆಟ್ಟಿಲ ತುಂಬ ಮೂಳೆಸಾರಿನ ವಾಸನೆ ಹರಡಿತು. ಅವಳ ಪಕ್ಕದ ಮನೆಯ ಸವೇತಾ, ಚರ್ಚಿನಲ್ಲಿ ಮೇಣದಬತ್ತಿ ಮಾರುವವಳು, ಸೊಂಟಕ್ಕೆ ಕೈಕೊಟ್ಟು ಬಾಗಿಲಲ್ಲಿ ಪ್ರತ್ಯಕ್ಷಳಾದಳು.

"ವೆತೂರಿಯಾ! ದೇವರಿಗೆ ಕಣ್ಣಿಲ್ಲ ಅಂದ್ಕೊಂಡ್ಯಾ, ಮೂಗೂ ಇಲ್ಲ ಅಂದ್ಕೊಂಡ್ಯಾ?"

"ಅಂಟು ಕಣೇ ಸವೇತಾ. ಗಿಟಾರಿಗೆ."

"ಅಂಟಂತೆ! ಉಪ್ಪು ಸರಿಯಿದ್ಯಾ ನಿನ್ನ ಅಂಟಿಗೆ?"

ವೆತೂರಿಯಾ ಸೌಟು ತುಂಬಿ ಮೂಗಿನ ಕೆಳಗೆ ಹಿಡಿದಳು. ಸವೇತಾ ಬೆರಳು ಅದ್ದಿ ಪರೀಕ್ಷಿಸಿದಳು. ಆಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳಲು ಮೂರು ಬೆರಳು ಜೋಡಿಸಿದರೆ ಮೂರೂ ಒಂದಕ್ಕೊಂದು ಕಚ್ಚಿಕೊಂಡವು. ನಾನು ಗೋಡೆ ಹಿಡಿದುಕೊಂಡು ನಕ್ಕೆ, ಆಮೇಲೆ ಬಿಸಿನೀರು ತಂದುಕೊಟ್ಟೆ.

ಈಸ್ಟರಿಗೆ ಒಂದು ವಾರ ಮೊದಲು, ಗರಿಗಳ ಭಾನುವಾರ, ಬರಬಾಶ್ ಪರೀಕ್ಷೆಗೆ ಬಂದ. ಕಂಕುಳಲ್ಲಿ ಕೀಬೋರ್ಡ್ ಪೆಟ್ಟಿಗೆಯ ಮಾರಾಟದ ಚಿತ್ರಪುಸ್ತಕ. ಮೇಜಿನ ಮೇಲೆ ಪ್ಲಮ್ ಬಣ್ಣದ ಬಾಸ್ ಮದುಮಗಳಂತೆ ಮಲಗಿತ್ತು. ಅವನು ಬಾಯಿ ತೆರೆದು ನೋಡಿದ. ವೆತೂರಿಯಾ ಅದನ್ನು ಎತ್ತಿ ತೊಡೆಯ ಮೇಲಿಟ್ಟು ಮೊದಲ ತಂತಿ ಮೀಟಿದಳು.

ಗರ್ರ್.

ಇನ್ನೊಂದು ಕಡೆ ಒತ್ತಿ ಮೀಟಿದಳು. ಗರ್ರ್. ಕುತ್ತಿಗೆ ಹಿಂದಕ್ಕೆ ವಾಲಿದ್ದರಿಂದ ತಂತಿಗಳು ಮರಕ್ಕೆ ಅಂಟಿಕೊಂಡು ಮಲಗಿದ್ದವು. ಪಿಟೀಲಿನ ಕುದುರೆ ಎತ್ತರದ್ದು, ಅಲ್ಲಿ ವಾಲಿಕೆ ಸರಿಹೋಗುತ್ತದೆ. ಇಲ್ಲಿನ ಕುದುರೆ ಗಿಡ್ಡ, ಎಷ್ಟು ಎತ್ತಿದರೂ ಸಾಲಲಿಲ್ಲ.

"ಬಾಸ್ ಕೇಳಿದ್ರೆ ಜೇನುಗೂಡು ಮಾಡಿದೀಯಲ್ಲ ಮಾರಾಯ್ತಿ," ಎಂದ ಬರಬಾಶ್. ಆದರೆ ಅವಳ ಮುಖ ನೋಡಿ ಚಿತ್ರಪುಸ್ತಕವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ.

ನಲವತ್ತೈದು ವರ್ಷದಲ್ಲಿ ಅವಳು ಅಳುವುದನ್ನು ಈ ಊರಿನಲ್ಲಿ ಯಾರೂ ಕಂಡಿರಲಾರರು. ಅಂದೂ ಅಳಲಿಲ್ಲ. ತಂತಿಗಳನ್ನು ಒಂದೊಂದಾಗಿ ಸಡಿಲಿಸಿ ಸುರುಳಿ ಸುತ್ತಿ, "ಮೂಗರ ಲೆಕ್ಕಕ್ಕೆ ಇನ್ನೊಂದು," ಎಂದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ಈ ಅಂಟು ಬಿಡಿಸೋಕ್ಕಾಗುತ್ತೆ ಅಂತ ನೀನೇ ಹೇಳಿದ್ಯಲ್ಲ? ಇನ್ನೂರು ವರ್ಷದ ಪಿಟೀಲನ್ನೂ ಬಿಚ್ಚಿ ರಿಪೇರಿ ಮಾಡ್ತಾರೆ ಅಂತ?"

ಬರಬಾಶ್ ತಲೆಯೆತ್ತಿದ. "ಸಾರಾಯಿ!" ಎಂದ. "ಸಂದಿಗೆ ಸಾರಾಯಿ ಬಿಟ್ರೆ ಅಂಟು ಒಣಗಿ ಬಿರಿಯುತ್ತೆ. ನನ್ನ ಹತ್ರ ಪಾಲಿಂಕಾ ಇದೆ, ಬೆಂಕಿ ಹತ್ತೋವಂಥದ್ದು!"

ಮಾರನೆಯ ದಿನ ಬೆಳಗ್ಗೆ ಆ ಪ್ಲಮ್ ಸಾರಾಯಿಯ ಬಾಟಲಿ ಹಿಡಿದು, ಹೆಗಲಿಗೆ ಅಕಾರ್ಡಿಯನ್ ಹಾಕಿಕೊಂಡು ಬಂದ. ಔಷಧದ ಪಿಚಕಾರಿಯಿಂದ ಸಂದಿಗೆ ಒಂದು ಹನಿ, ತೆಳ್ಳನೆಯ ಬಿಸಿ ಚಾಕು, ಮತ್ತೊಂದು ಹನಿ. ವಾರ್ನಿಷ್ಷಿಗೆ ತಾಗದಂತೆ ನಾನು ಬಟ್ಟೆ ಹಿಡಿದೆ. ಎರಡನೇ ಹನಿಗೆ ಬರಬಾಶ್ ತನಗೂ ಒಂದು ಗುಟುಕು ಸುರಿದುಕೊಂಡ.

"ಪವಿತ್ರ ವಾರ ಕಣೋ!" ಎಂದಳು ವೆತೂರಿಯಾ.

"ನಾನು ಕ್ಯಾಲ್ವಿನ್ ಚರ್ಚಿನೋನು, ನನಗ್ಯಾವ ಉಪವಾಸ? ಮರಕ್ಕೊಂದು, ಬರಬಾಶ್‌ಗೊಂದು."

ಮರದ ಪಾಲಿಗಿಂತ ಅವನ ಪಾಲೇ ಹೆಚ್ಚಾಗಿ, ಅವನು ಚಾಕುವಿಗೆ ಲಾಲಿ ಹಾಡತೊಡಗಿದ ಹೊತ್ತಿಗೆ 'ಟಕ್' ಎಂದಿತು. ಕುತ್ತಿಗೆ ಒಂದು ಚೂರೂ ಮುರಿಯದೆ ಕಳಚಿ ಅವಳ ಕೈಗೆ ಬಂತು.

ಇನ್ನು ತಿರುಪುಮೊಳೆ. ಬುಡದ ಚಕ್ಕೆ ತೆಗೆದಾಯಿತು. ಮತ್ತೆ ಅಂಟಿಸಬಹುದಿತ್ತು, ಆದರೆ ಆ ಅಂಟೆಂದರೆ ಈಗ ಅವಳಿಗೇ ಭಯ. ಕೋನ ಕೂದಲೆಳೆ ತಪ್ಪಿದರೂ ಮತ್ತೆ ಪಾಲಿಂಕಾ. ತಿರುಪಾದರೆ ಬಿಚ್ಚಿ ಸರಿಮಾಡಬಹುದು. ಇದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಕೈ ಮಾತ್ರ ಮೇಲೇಳುತ್ತಿರಲಿಲ್ಲ.

"ಇಲಿಂಕಾಳ ಮಂಚ ನಾನೇ ಜೋಡಿಸಿದ್ದು," ಎಂದೆ. "ಇಪ್ಪತ್ತೆಂಟು ಸ್ಕ್ರೂ. ಮೂರು ವರ್ಷದಿಂದ ಅದರ ಮೇಲೆ ಕುಪ್ಪಳಿಸ್ತಾಳೆ, ಇನ್ನೂ ನಿಂತಿದೆ. ಕೊಡು ಇಲ್ಲಿ."

"ನೀನು ಕೊಲೆ ಮಾಡು. ನಾನು ಆ ಕಡೆ ತಿರುಗ್ತೀನಿ."

ನಿಜಕ್ಕೂ ಗೋಡೆಯ ಕಡೆ ತಿರುಗಿ ಕೂತಳು. ಬಿರಡೆಯಿಂದ ಕುದುರೆಯವರೆಗೆ ಎರಡು ದಾರ ಎಳೆದು ಕುತ್ತಿಗೆ ನೆಟ್ಟಗಿದೆಯೇ ಎಂದು ನೋಡಿಕೊಂಡೆ. ಕೊರೆಯುವ ಕಡ್ಡಿಗೆ ಎಷ್ಟು ಆಳಕ್ಕೆ ನಿಲ್ಲಬೇಕೋ ಅಲ್ಲಿ ಇಲಿಂಕಾಳ ಗಾಯದ ಪಟ್ಟಿ ಸುತ್ತಿದೆ, ಚಿಟ್ಟೆ ಚಿತ್ರವಿರುವುದು. ಅದಕ್ಕಿಂತ ಒಂದು ನೂಲು ಮುಂದೆ ಹೋದರೂ ಬೆರಳು ಓಡಾಡುವ ಕಡೆ ತೂತು ಬಿದ್ದು ಎಲ್ಲ ಮುಗಿಯುತ್ತಿತ್ತು. ಮೊದಲ ತೂತಿಗೆ ಮೂರು ಸಲ ಅಳತೆ ನೋಡಿಕೊಂಡೆ. ನಾಲ್ಕನೆಯದಕ್ಕೆ ನಾನೇ ದುಂ ದುಂ ಎನ್ನುತ್ತಿದ್ದೆ. ತಿರುಪುಗಳಿಗೆ ಬಟ್ಟೆಸೋಪು ಸವರಿ ತಿರುಗಿಸಿದೆ. ಬೆಣ್ಣೆಯಲ್ಲಿ ಇಳಿದಂತೆ ಇಳಿದವು.

"ಕಿರುಚಿತಾ?" ಎಂದು ಗೋಡೆಯನ್ನೇ ಕೇಳಿದಳು ವೆತೂರಿಯಾ.

"ಇನ್ನೂ ಇಲ್ಲ. ನೀನೇ ಕಿರುಚಿಸು."

ತಂತಿ ಏರಿಸಿ, ಸದ್ದಿನ ಡಬ್ಬಕ್ಕೆ ಸಿಕ್ಕಿಸಿ, ಕಣ್ಣು ಮುಚ್ಚಿ ಮೀಟಿದಳು. ದುಂ! ಗಾಜಿನ ಬೀರುವಿನಲ್ಲಿದ್ದ ಹನ್ನೆರಡು ಲೋಟಗಳೂ ಒಟ್ಟಿಗೆ ನಡುಗಿದವು. ನನ್ನ ಚಪ್ಪಲಿಯೊಳಗೆ ಅಂಗಾಲಿಗೆ ಕಚಗುಳಿಯಾಯಿತು. ಅವಳು ಕಣ್ಣು ತೆರೆದು ಬಾಸನ್ನು, ನನ್ನನ್ನು, ಮತ್ತೆ ಬಾಸನ್ನು ನೋಡಿ, ಹದಿನೇಳರ ಹುಡುಗಿಯಂತೆ ಕಿಲಕಿಲ ನಗತೊಡಗಿದಳು. ಅಂಥ ದಪ್ಪ ದನಿಯಿಂದ ಅಂಥ ನಗು! ಬರಬಾಶ್ ಅಕಾರ್ಡಿಯನ್ ಎತ್ತಿಕೊಂಡು ಗಿರಕಿಯ ಕುಣಿತದ ಧಾಟಿಯೊಂದನ್ನು ಹಿಡಿದ. ಅವಳ ಬಾಸು ಕೆಳಗಿನಿಂದ ಅವನನ್ನು ಹೊತ್ತುಕೊಂಡಿತು. ಅವನು ನಡುವೆ ಬೇಕೆಂದೇ ತಾಳ ತಪ್ಪಿಸಿದ. ಅವಳು ಅರ್ಧ ಹೆಜ್ಜೆ ಕಾದು, ಯಾರಿಗೂ ತಿಳಿಯದಂತೆ ಅವನನ್ನು ಎತ್ತಿ ತಾಳದೊಳಗೆ ಹಾಕಿಕೊಂಡಳು.

ಸವೇತಾ ಗೋಡೆ ಗುದ್ದಿದಳು. "ಪವಿತ್ರ ವಾರದಲ್ಲಿ ಕುಣಿತಾ?" ಎಂದು ಕೂಗಿದಳು. ಗುದ್ದು ಮಾತ್ರ ತಾಳಕ್ಕೆ ಸರಿಯಾಗಿಯೇ ಬೀಳುತ್ತಿತ್ತು.

ಬರಬಾಶ್ ಅಕಾರ್ಡಿಯನ್ ಮುಚ್ಚಿ ಮೀಸೆ ಒರೆಸಿಕೊಂಡ. "ಮದ್ವೆಯ ಶನಿವಾರ, ನಾಲ್ಕು ಗಂಟೆಗೆ. ಕರೀ ಲಂಗ, ಬಿಳೀ ಅಂಗಿ. ಕುರ್ಚಿ ಆ ಪೆಟ್ಟಿಗೇದಲ್ಲ, ನಿಂದು," ಎಂದು ಬಾಟಲಿಯಲ್ಲಿ ಉಳಿದದ್ದನ್ನು ಮರೆಯದೆ ತೆಗೆದುಕೊಂಡು ಹೋದ.

ಈಸ್ಟರ್ ಬಂತು, ಕೆಂಪು ಮೊಟ್ಟೆ ಒಡೆದೆವು, ಕುರಿಮಾಂಸ ತಿಂದೆವು. ಮೇಲಿನಿಂದ ದಿನವೂ ಗಿರಕಿಯ ಕುಣಿತ ಇಳಿದು ಬರುತ್ತಿತ್ತು, ಇಲಿಂಕಾ ಸೂಪು ಕುಡಿಯುವುದೂ ಅದೇ ತಾಳಕ್ಕೆ. ಮದುವೆಯ ಹಿಂದಿನ ದಿನ ಮಧ್ಯಾಹ್ನ ಕೊಳವೆ ಟಣಟಣ ಎಂದಿತು. ಹೋದೆ. ವೆತೂರಿಯಾ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ನನ್ನ ಮುಖ ನೋಡದೆ ಅಂಗಿಯ ಒಂದೇ ತೋಳನ್ನು ಮೂರು ಸಲ ತೀಡಿದಳು.

"ಬರಬಾಶನ ಕಾರು ತುಂಬ್ಹೋಗಿದೆಯಂತೆ," ಎಂದಳು ಕೊನೆಗೆ. "ಬಾಸನ್ನ ಬೆನ್ನಿಗೆ ಹಾಕ್ಕೊಂಡು ನಾನು ನಡೀತೀನಿ. ಈ ಸದ್ದಿನ ಡಬ್ಬ ಮಾತ್ರ ಹೆಣಭಾರ. ಮದ್ವೆ ಮನೆ ಮುರೆಶ್ ಹೊಳೆ ಆಚೆ, ಸೇತುವೆ ದಾಟ್ಬೇಕು. ನೆಲಮಾಳಿಗೇಲಿ ನಿನ್ನ ಹುಡುಗಿಯ ಹಳೇ ತಳ್ಳುಗಾಡಿ ಇದೆಯಲ್ಲಾ... ನಾಳೆ ಮೂರು ಗಂಟೆಗೆ ಅದನ್ನ ಕೊಡ್ತೀಯಾ? ಹಂಗೇ, ತಳ್ಳೋಕೆ ನೀನೂ ಬರ್ತೀಯಾ?"