ಬಲಗಡೆಯ ಜಾಯ್‌ಸ್ಟಿಕ್

ಅವರ ಬಲಗೈ ಹೆಬ್ಬೆರಳಿನ ಉಗುರಿಗೆ ರಾಗಿ ಕಾಳಿನಷ್ಟು ಸೀಸ ಸದಾ ಅಂಟಿಕೊಂಡಿರುತ್ತಿತ್ತು. ಬೆಸುಗೆ ಹಾಕುವಾಗ ಸಿಡಿದದ್ದು. ಇವತ್ತು ಕೆರೆದು ತೆಗೆದರೆ ನಾಳೆ ಇನ್ನೊಂದು. ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹತ್ತಿರ ಅವರದು ರೇಡಿಯೋ, ಟೀವಿ ರಿಪೇರಿ ಅಂಗಡಿ. ಹುಟ್ಟೂರು ಮಾರ್ಟಳ್ಳಿ. ನಾವು ಕರೆಯುತ್ತಿದ್ದುದು ರೇಡಿಯೋ ಮಾಮ ಎಂದು. ಕೆಟ್ಟ ಸೆಟ್ಟು ಬಂದರೆ ಮೊದಲು ಅದರ ತಲೆ ಸವರಿ, "ಏನಪ್ಪಾ, ಯಾರು ಬಯ್ದ್ರು ನಿಂಗೆ" ಎಂದು ಕೇಳದೆ ಸ್ಕ್ರೂ ಬಿಚ್ಚುತ್ತಿರಲಿಲ್ಲ. ಹೇಳಿದ ದಿನಕ್ಕೆ ಸೆಟ್ಟು ವಾಪಸ್ ಕೊಟ್ಟದ್ದನ್ನು ಮಾತ್ರ ನಾನಂತೂ ಕಂಡಿಲ್ಲ.

ನಮ್ಮಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು. ಸಂಜೆ ಮಗ್ಗದಿಂದ ಎದ್ದು ಮಾಮನ ಅಂಗಡಿಯ ಬೆಂಚಿನ ಮೇಲೆ ಕೂತು ವಾರ್ತೆ ಕೇಳಿ ಬರುವುದೊಂದೇ ಅವರಿಗಿದ್ದ ಚಟ. ತೊಂಬತ್ತರ ದಶಕದ ಕೊನೆಯಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಕಾಲು ಸುಧಾರಿಸಿತು, ಮಾತೂ ಬಂತು. ಬಲಗೈ ಮಾತ್ರ ಮುಷ್ಟಿ ಕಟ್ಟಿಕೊಂಡೇ ಉಳಿಯಿತು. ಹಿಸುಕಿ ಬಿಡಲೆಂದು ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಹಿತ್ತಲಿಗೆ ಎಸೆದರು. ಅವ್ವ ತುತ್ತು ಬಾಯಿಗಿಡುವಾಗ ಬಾಗಿಲು ಹಾಕಿಸುತ್ತಿದ್ದರು. ಯಾರು ಬಂದರೂ, "ಮನಗವ್ರೆ ಅನ್ನು" ಎನ್ನುತ್ತಿದ್ದರು. ಆ ಕೈಯ ಜೊತೆ ಅಪ್ಪನೂ ಹೋಗಿಬಿಡುತ್ತಾರೇನೋ ಎಂದು ನನಗೆ ದಿಗಿಲಾಗಿತ್ತು.

ಒಂದು ಭಾನುವಾರ ಮಾಮ ಕೈಚೀಲ ಹಿಡಿದು ಬಂದರು. ಮಲಗಿದ್ದಾರೆ ಎಂದರೂ ಕೇಳದೆ ಒಳಗೆ ನುಗ್ಗಿ ಚೀಲವನ್ನು ನೆಲಕ್ಕೆ ಸುರಿದರು. ಮೂರು ಜಾಯ್‌ಸ್ಟಿಕ್, ಗೇಮ್ ಆಡುವಾಗ ಹಿಡಿದು ಅತ್ತಿತ್ತ ವಾಲಿಸುವ ಕೋಲುಗಳು, ಒಂದೊಂದೂ ಒಂದು ಹಲಗೆ ತುಂಡಿಗೆ ಬಿಗಿದದ್ದು. ಮೈಸೂರಿನಲ್ಲಿ ಮುಚ್ಚಿಹೋದ ಯಾವುದೋ ವಿಡಿಯೋ ಗೇಮ್ ಅಂಗಡಿಯವಂತೆ.

"ಅಣ್ಣೋ, ಹನೂರಲ್ಲೊಬ್ರು ಮನೇಲೇ ಗೇಮ್ ಪೆಟ್ಗೆ ಮಾಡ್ಕೊಡು ಅಂತ ಕುಂತವ್ರೆ. ಇದ್ರಲ್ಲಿ ಯಾವ್ದು ಆಯ್ತದೆ ನೋಡ್ ಯೋಳು. ನಂಗೆ ವೈರು ಗೊತ್ತು, ಹಿಡಿ ಗೊತ್ತಾಗಾಕಿಲ್ಲ. ನೇಯೋ ಕೈಗೆ ಗೊತ್ತಾಯ್ತದೆ."

"ಕೈ ಎಲ್ಲೈತೆ ನಂಗೆ."

"ಮಡ್ಲಲ್ಲಿ ಮಡಿಕಂಡಿದ್ದೀಯಲ್ಲ, ಅದೇಯ. ತಗಿ."

ನನಗೆ ಸಿಟ್ಟು ನೆತ್ತಿಗೇರಿತು. ಕಾಯಿಲೆ ಬಿದ್ದವರ ಮುಂದೆ ಮಕ್ಕಳ ಆಟದ ಸಾಮಾನು ಹರಡಿಕೊಂಡು ಕೂತಿದ್ದಾರಲ್ಲ ಎಂದು ಮನಸ್ಸಿನಲ್ಲೇ ಬಯ್ದುಕೊಂಡೆ. ಅಪ್ಪ ಮಾತ್ರ ಎಡಗೈಯಿಂದ ಬಲಗೈಯನ್ನು ಎತ್ತಿ ಮೊದಲನೆಯದರ ಮೇಲಿಟ್ಟರು. ಅದರ ತುದಿಗೆ ಗುಂಡು, ಅಂಗೈಯಿಂದ ಜಾರಿತು. ಎರಡನೆಯದು ಪೆನ್ಸಿಲಿನಷ್ಟು ಸಣ್ಣ; ಹಿಡಿತಕ್ಕೇ ಸಿಗಲಿಲ್ಲ. ಮೂರನೆಯದು ಮೇಲೆ ದಪ್ಪ, ಕೆಳಗೆ ಸಪೂರ. ಮಗ್ಗದಲ್ಲಿ ಲಾಳಿ ಓಡಿಸಲು ಜಗ್ಗುವ ಹಗ್ಗದ ಮರದ ಹಿಡಿಯ ಹಾಗೆಯೇ ಇತ್ತು. ಬೆರಳುಗಳು ಅದನ್ನು ಸುತ್ತಿಕೊಂಡವು. ವಾಲಿಸಿದಾಗ ಒಳಗಿನ ಸ್ವಿಚ್ಚು ಟಿಕ್ ಎಂದಿತು.

"ಇದೇಯ. ಆದ್ರೆ ವಸಿ ಬಿಗಿ," ಎಂದರು ಅಪ್ಪ.

"ಸ್ಪ್ರಿಂಗ್ ಬದ್ಲಾಯಿಸ್ತೀನಿ ಬುಡು."

ಆಮೇಲೆ ಒಂದು ಭಾನುವಾರವೂ ತಪ್ಪಲಿಲ್ಲ. ಪ್ರತಿ ವಾರ ಹೊಸ ಸ್ಪ್ರಿಂಗು, ಅಪ್ಪನದು ಹೊಸ ತಕರಾರು. ಕೈ ಬಿಟ್ಟರೆ ಕೋಲು ತಾನಾಗಿ ನಡುವಿಗೆ ಬರುತ್ತದೋ ಎಂದು ನೋಡಬೇಕಿತ್ತು. ಅದಕ್ಕೆ ಕೈ ಬಿಡಲೇಬೇಕಲ್ಲ. ಅಪ್ಪನಿಗೆ ಅದೇ ಕಷ್ಟ. ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು ಬಿಡಿಸುವಷ್ಟರಲ್ಲಿ ಬೆವರಿಳಿಯುತ್ತಿತ್ತು. ಮಾಮ ಸಹಾಯಕ್ಕೆ ಕೈ ಚಾಚುತ್ತಿರಲಿಲ್ಲ. ಉಗುರಿನ ಸೀಸ ಕೆರೆಯುತ್ತ, "ಅವಸ್ರ ಇಲ್ಲ, ಹನೂರವ್ರು ಒಳ್ಳೇವ್ರು" ಎನ್ನುತ್ತಿದ್ದರು. ನಾನು ಹನೂರಿನ ಶಾಲೆಯಲ್ಲೇ ಟೀಚರಾಗಿದ್ದೆ. ಯಾರವರು ಎಂದು ಕೇಳಿದರೆ, "ನಿಂಗೆ ಗೊತ್ತಿಲ್ದವ್ರು ತಾಯಿ" ಎಂದು ಜಾರಿಕೊಳ್ಳುತ್ತಿದ್ದರು.

ಕೊನೆಗೂ ಹಳೆಯ ಟೀವಿ ಕೂರಿಸಿದ ಪ್ಲೈವುಡ್ ಪೆಟ್ಟಿಗೆ ಸಿದ್ಧವಾಗಿ ನಮ್ಮ ಪಡಸಾಲೆಗೇ ಬಂತು. ಹನೂರಿನವರು ಬೇಡವೆಂದರಂತೆ. ಪಕ್ಕದ ಮನೆಯ ಕಾಲೇಜು ಹುಡುಗಿ ಆಡಲು ಬಂದವಳು ಮೂಗು ಮುರಿದಳು.

"ಅಕ್ಕ, ಇದು ಉಲ್ಟಾ. ಎಲ್ಲಾ ಕಡೆ ಜಾಯ್‌ಸ್ಟಿಕ್ ಎಡಗಡೆ, ಬಟನ್ ಬಲಗಡೆ ಇರ್ತವೆ."

ನಮ್ಮ ಪೆಟ್ಟಿಗೆಯಲ್ಲಿ ಜಾಯ್‌ಸ್ಟಿಕ್ ಬಲಗಡೆಯಿತ್ತು, ಅಪ್ಪನ ಮುಷ್ಟಿ ಕಟ್ಟಿದ ಕೈಯ ಕಡೆಗೆ. ಚಪ್ಪಲಿ ಮೆಟ್ಟಿ ನೆಟ್ಟಗೆ ಅಂಗಡಿಗೆ ಹೋದೆ.

"ಮಾಮ, ಹನೂರಲ್ಲಿ ಯಾರೂ ಕೇಳಿರ್ಲಿಲ್ಲ ಅಲ್ವಾ."

ಅವರು ಬೆಸುಗೆಯಿಂದ ಕಣ್ಣೆತ್ತಲಿಲ್ಲ. "ಔಸ್ದಿ ಅಂದ್ರೆ ಬಿಸಾಕ್ತಾರೆ. ಕೆಲ್ಸ ಅಂದ್ರೆ ನಿಮ್ಮಪ್ಪ ಯಾವತ್ತು ಒಲ್ಲೆ ಅಂದವ್ರೆ ತಾಯಿ. ಮೊದ್ಲು ಸ್ಪ್ರಿಂಗ್ ಸಡ್ಲ ಮಾಡ್ದೆ, ಆಮ್ಯಾಕೆ ವಾರವಾರ ವಸಿ ವಸಿ ಬಿಗಿ ಮಾಡ್ಕಂಡ್ ಬಂದೆ, ಅಷ್ಟೇಯ. ಅಣ್ಣಂಗೆ ಯೋಳ್ಬ್ಯಾಡ."

ಅಂಗಡಿಯಲ್ಲೇ ಅಳು ಬಂತು. ಮೊದಲ ದಿನ ಬಯ್ದುಕೊಂಡದ್ದಕ್ಕೆ ನಾಚಿಕೆಯೂ ಆಯಿತು. ಅಪ್ಪನಿಗೆ ನಾನು ಯಾವತ್ತೂ ಹೇಳಲಿಲ್ಲ.

ಅಪ್ಪ ಮತ್ತೆ ಮಗ್ಗಕ್ಕೆ ಕೂರಲಿಲ್ಲ. ಅಷ್ಟು ಆಗಲಿಲ್ಲ. ಆದರೆ ಅದೇ ತಿಂಗಳು ಒಂದು ಮಧ್ಯಾಹ್ನ ಬಾಗಿಲು ತೆರೆದಿಟ್ಟು, ಮಾಮನ ಪಕ್ಕದಲ್ಲಿ ಕೂತು, ಬಲಗೈಯಿಂದ ಮುದ್ದೆ ಮುರಿದರು. ಅರ್ಧ ಸಾರು ಪಂಚೆಯ ಮೇಲೆ. ಮಾಮ ಏನೂ ಕಾಣದವರಂತೆ ತಮ್ಮ ಮುದ್ದೆ ನುಂಗುತ್ತಿದ್ದರು. ಅವ್ವ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು.

ನಾಲ್ಕೈದು ವರ್ಷ ಕಳೆದಿರಬೇಕು, ಮಾಮ ಎದೆನೋವೆಂದು ಮಲಗಿದವರು ಏಳಲಿಲ್ಲ. ಮಾರ್ಟಳ್ಳಿಯಲ್ಲೇ ಮಣ್ಣು. ಅಪ್ಪ ಹಟಹಿಡಿದು ನನ್ನ ಜೊತೆ ಬಸ್ಸಿನಲ್ಲಿ ಬಂದರು. ಗುಂಡಿಯ ಹತ್ತಿರ ಎಲ್ಲರೂ ಸಾಲಾಗಿ ನಿಂತು ಒಂದೊಂದು ಹಿಡಿ ಮಣ್ಣು ಹಾಕುತ್ತಿದ್ದರು. ಅಪ್ಪನ ಕೈ ನೋಡಿದ ಒಬ್ಬರು, "ಎಡಗೈಲೇ ಆಕಿ, ಪರ್ವಾಗಿಲ್ಲ" ಎಂದರು. ಅಪ್ಪ ಬಗ್ಗಿ ಬಲಗೈಯಲ್ಲೇ ಮಣ್ಣು ತೆಗೆದುಕೊಂಡು ಅಂಚಿಗೆ ಬಂದು ಕೈ ಚಾಚಿದರು. ಮುಷ್ಟಿ ಬಿಚ್ಚಲಿಲ್ಲ. ಹಿಂದಿನವರು ಕಾಯುತ್ತಿದ್ದರು. ಬಿಡಿಸಲು ಮುಂದಾಗಿದ್ದ ನನ್ನ ಕೈಯನ್ನು ನಾನೇ ಹಿಂದಕ್ಕೆ ಎಳೆದುಕೊಂಡೆ.

"ಅವಸರ ಇಲ್ಲಪ್ಪ," ಎಂದೆ.

ಮೊದಲು ಕಿರುಬೆರಳು ಬಿಟ್ಟಿತು. ಆಮೇಲೆ ಅದರ ಪಕ್ಕದ್ದು, ನಡುವಿನದು, ತೋರುಬೆರಳು. ಕೊನೆಗೆ ಹೆಬ್ಬೆರಳೂ ಬಿಟ್ಟಿತು. ಮಣ್ಣು ಮಾಮನ ಮೇಲೆ ಬಿತ್ತು.